ಮೂರು ತಪ್ಪಿನ ಸ್ಟೂಲು

ಬೆತ್ತಣ್ಣನ ಪೀಕಲಾಟಕ್ಕೆ ಕಾರಣ ಬಹಳ ಚಿಕ್ಕದು. ಅವನು ಹೆಣೆದ ಸ್ಟೂಲಿನಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ.

ಜಗತ್ತಿನಲ್ಲಿ ಎಲ್ಲರೂ ತಪ್ಪು ಮಾಡಿ ಬೈಸಿಕೊಳ್ಳುತ್ತಾರೆ. ಸರಿಯಾಗಿ ಮಾಡಿ ಬೈಸಿಕೊಳ್ಳಬೇಕಾದರೆ ಅದು ಹಣೆಯಲ್ಲಿ ಬರೆದಿರಬೇಕು. ಬೆತ್ತಣ್ಣನ ಹಣೆ ಸಾಕಷ್ಟು ಅಗಲವಾಗಿತ್ತು. ಬರೆಯುವವನಿಗೆ ಧಾರಾಳವಾಗಿ ಜಾಗ ಸಿಕ್ಕಿತ್ತು ಅಂತ ಕಾಣುತ್ತದೆ.

ಅವನ ಕೆಲಸ ಬೆತ್ತದ ಹೆಣಿಗೆ. ಕುರ್ಚಿ, ಸ್ಟೂಲುಗಳ ಮರದ ಚೌಕಟ್ಟಿನ ಸುತ್ತ ತೂತು ಕೊರೆದಿರುತ್ತಾರಲ್ಲ, ಅದರೊಳಗಿಂದ ನೆನೆಸಿದ ಬೆತ್ತದ ಎಳೆಗಳನ್ನು ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಎರಡೂ ಕಡೆಯಿಂದ ಓರೆಯಾಗಿ, ಒಂದರ ಮೇಲೆ ಒಂದರ ಕೆಳಗೆ ತೂರಿಸುತ್ತಾ ಜೇನುಗೂಡಿನ ಹಾಗೆ ಸಾಲು ಸಾಲು ಕಣ್ಣು ಮೂಡಿಸುವುದು. ಅವನ ಅಪ್ಪನೂ ಅದನ್ನೇ ಮಾಡಿಕೊಂಡಿದ್ದ. ಅಪ್ಪ ಕಲಿಸಿದ ರೀತಿ ಸರಳ. ಮಗ ಒಂದು ಎಳೆ ತಪ್ಪಿದರೆ ಕೈಯಲ್ಲಿದ್ದ ಮರದ ಬೆಣೆಯಿಂದ ಬೆರಳ ಗೆಣ್ಣಿನ ಮೇಲೆ ಟಕ್ ಅಂತ ಒಂದು. ಎರಡು ತಪ್ಪಿದರೆ ಟಕ್ ಟಕ್. ಹತ್ತನೇ ವಯಸ್ಸಿಗೆ ಶುರುವಾದ ಈ ಸಂಗೀತ ಹದಿನೈದಕ್ಕೆ ತಾನೇ ನಿಂತುಹೋಯಿತು, ಯಾಕೆಂದರೆ ಅಷ್ಟು ಹೊತ್ತಿಗೆ ಕೈ ತಪ್ಪುವುದನ್ನೇ ಮರೆತಿತ್ತು. ಈಗ ಬೆತ್ತಣ್ಣನಿಗೆ ಐವತ್ತೆರಡು.

ಅವನು ಕೂತು ಹೆಣೆಯುತ್ತಿದ್ದದ್ದು ಕೈಕೆಲಸದವರ ಕಟ್ಟಡದ ಮೂರನೇ ನಂಬರ್ ಕೋಣೆಯಲ್ಲಿ. ಅಪ್ಪನ ಕಾಲದಿಂದಲೂ ಅದೇ ಕೋಣೆ. ಬೆಳಕು ಬೀಳುವ ಕಿಟಕಿ, ಎಳೆ ನೆನೆಸುವ ತಗಡಿನ ತೊಟ್ಟಿ, ಅಪ್ಪ ಕೂರುತ್ತಿದ್ದ ಗಿಡ್ಡ ಮಣೆ, ಮಣೆಯ ಮುಂದೆ ನಲವತ್ತು ವರ್ಷ ಅಪ್ಪನ ಹಿಮ್ಮಡಿ ಉಜ್ಜಿ ಉಜ್ಜಿ ನೆಲದಲ್ಲಿ ಬಿದ್ದ ಬಟ್ಟಲಿನಷ್ಟು ಗುಳಿ. ಆ ಗುಳಿಯಲ್ಲಿ ತನ್ನ ಹಿಮ್ಮಡಿ ಇಟ್ಟರೆ ಮಾತ್ರ ಬೆತ್ತಣ್ಣನ ಕೈ ಓಡುತ್ತಿತ್ತು. ಬೇರೆ ಕಡೆ ಕೂತು ಹೆಣೆ ಅಂದರೆ ಅವನಿಗೆ ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗೆ ಆಗುತ್ತಿತ್ತು.

ಈಗ ಬಂದಿದ್ದ ಕುತ್ತು ಆ ಕೋಣೆಗೇ. ಕೈಕಸುಬುಗಳನ್ನು ಉಳಿಸಲೇಬೇಕು ಅಂತ ಇಲಾಖೆಗೆ ಇದ್ದಕ್ಕಿದ್ದ ಹಾಗೆ ಜ್ಞಾನೋದಯವಾಗಿತ್ತು. ಕಟ್ಟಡದಲ್ಲಿರುವ ಪ್ರತಿಯೊಬ್ಬರೂ ತಮ್ಮ ಒಂದು ವಸ್ತುವಿಗೆ, ಇದು ಕೈಯಲ್ಲೇ ಮಾಡಿದ್ದು ಅಂತ ಸಾರುವ ‘ಅಂಗೈ ಮುದ್ರೆ’ ಹಾಕಿಸಿಕೊಳ್ಳಬೇಕು. ಮುದ್ರೆ ಸಿಕ್ಕವರಿಗೆ ಕೋಣೆ ಉಳಿಯುತ್ತದೆ, ಸಿಗದವರು ಗಂಟುಮೂಟೆ ಕಟ್ಟಬೇಕು. ಕೊನೆಯ ದಿನ ಅವತ್ತೇ, ಸಂಜೆ ಐದು ಗಂಟೆಗೆ.

ಬೆತ್ತಣ್ಣನಿಗೆ ಚಿಂತೆಯೇ ಇರಲಿಲ್ಲ. ಅವತ್ತು ಬೆಳಿಗ್ಗೆ ರಿಟೈರಾದ ಗಣಿತದ ಮೇಷ್ಟ್ರು ತಮ್ಮ ಕುರ್ಚಿ ಎಲ್ಲಿಗೆ ಬಂತು ಅಂತ ನೋಡಲು ಬಂದಾಗಲೂ ಅವನು ಹಾಯಾಗಿ ಎಳೆ ಸೀಳುತ್ತಿದ್ದ.

"ಇನ್ನೆರಡು ಓರೆ ಎಳೆ ಬಾಕಿ ಮೇಷ್ಟ್ರೇ. ಸಂಜೆ ಏಳಕ್ಕೆ ಬನ್ನಿ, ತಗೊಂಡು ಹೋಗೋರಂತೆ."

ಮೇಷ್ಟ್ರು ಕನ್ನಡಕ ಏರಿಸಿ ಹೆಣಿಗೆಯನ್ನು ಮೂಲೆಯಿಂದ ಮೂಲೆಗೆ ಎಣಿಸಿದರು. ಅವರು ಎಲ್ಲವನ್ನೂ ಎಣಿಸುವವರು. "ಪೇಟೇಲಿ ಯಂತ್ರದಲ್ಲಿ ನೇಯ್ದ ಹಾಳೆ ತಂದು ಬಡಿದುಕೊಡ್ತಾರಪ್ಪ, ಒಂದ್ಸಲ ಮೋಸ ಹೋದೆ. ನಡುವೆ ಒಂದು ಎಳೆ ತಪ್ಪಿತ್ತು. ಯಂತ್ರಕ್ಕೇನು ನಾಚಿಕೆಯಾ, ಮಾನವಾ? ತಪ್ಪು ಹಾಕಿ ತನ್ನ ಪಾಡಿಗೆ ತಾನು ಮುಂದಕ್ಕೆ ಹೋಗ್ತಿರುತ್ತೆ. ನಿನ್ನ ಕೈ ಹಂಗಲ್ಲ. ನೀನು ಹೆಣೆದಿದ್ದರಲ್ಲಿ ಯಾರಾದ್ರೂ ಒಂದು ತಪ್ಪು ತೋರಿಸಲಿ, ಈ ಮೀಸೆ ಬೋಳಿಸಿಬಿಡ್ತೀನಿ."

ಮೇಷ್ಟ್ರ ಮೀಸೆ ಪೊರಕೆಯಷ್ಟು ದಪ್ಪಗಿತ್ತು. ಬೆತ್ತಣ್ಣನಿಗೆ ಎದೆ ಉಬ್ಬಿತು. ಪಾಪ, ಅದು ಅವತ್ತಿನ ಕೊನೆಯ ಉಬ್ಬುವಿಕೆ.

ಹತ್ತು ಗಂಟೆಗೆ ಮುದ್ರೆಯ ಸಾಹೇಬರು ಬಂದರು. ಸದಾ ಕೈಯಲ್ಲೊಂದು ಭೂತಗನ್ನಡಿ ಇರುತ್ತಿದ್ದರಿಂದ ಕಟ್ಟಡದವರು ಅವರಿಗೆ ಇಟ್ಟ ಹೆಸರೂ ಅದೇ. ಭೂತಗನ್ನಡಿ ಸಾಹೇಬರು ಮೊದಲು ಎರಡನೇ ಕೋಣೆಗೆ, ಮಣಿಯಕ್ಕನ ಬಳಿಗೆ ಹೋದರು. ಮಣಿಯಕ್ಕ ಮಣಿಯ ಗೊಂಬೆ ಮಾರುವವಳು. ಮಾಡುವವಳು ಅನ್ನಲಿಕ್ಕೆ ನಾಲಿಗೆ ಏಳುವುದಿಲ್ಲ, ಯಾಕೆಂದರೆ ಗೊಂಬೆಗಳು ರಟ್ಟಿನ ಪೆಟ್ಟಿಗೆಯಲ್ಲಿ ನೂರು ನೂರರ ಲೆಕ್ಕದಲ್ಲಿ ಬಂದಿಳಿಯುವುದನ್ನು ಇಡೀ ಕಟ್ಟಡ ನೋಡಿತ್ತು. ಈ ಸಲದ ಪೆಟ್ಟಿಗೆ ಬಂದ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟಿತ್ತೋ ಏನೋ, ಗೊಂಬೆಗಳ ಒಂದು ಕಣ್ಣು ಕೆನ್ನೆಗೆ ಇಳಿದಿತ್ತು.

"ಅಬ್ಬಬ್ಬಾ!" ಸಾಹೇಬರು ಉದ್ಗರಿಸಿದ್ದು ಗೋಡೆಯಾಚೆ ಕೇಳಿಸಿತು. "ಈ ಕಣ್ಣು ನೋಡಿ, ಎಲ್ಲಿರಬೇಕಿತ್ತು, ಎಲ್ಲಿದೆ! ಇದಪ್ಪಾ ಮನುಷ್ಯನ ಕೈ ಅಂದ್ರೆ!" ಟಪ್ ಅಂತ ಮುದ್ರೆ ಬಿತ್ತು.

ಆಮೇಲೆ ಮೂರನೇ ಕೋಣೆ. ಸಾಹೇಬರು ಬೆತ್ತಣ್ಣನ ಸ್ಟೂಲನ್ನು ಕಿಟಕಿಯ ಬೆಳಕಿಗೆ ಹಿಡಿದರು, ಮಗುಚಿದರು, ಭೂತಗನ್ನಡಿಯಲ್ಲಿ ಒಂದೊಂದೇ ಕಣ್ಣು ಎಣಿಸಿದರು. ಕೊನೆಗೆ ನಿಟ್ಟುಸಿರು ಬಿಟ್ಟರು.

"ಇದನ್ನ ಯಾವ ಯಂತ್ರದಲ್ಲಿ ಮಾಡ್ಸಿದ್ರಿ?"

ಬೆತ್ತಣ್ಣನಿಗೆ ಇದು ಹೊಗಳಿಕೆ ಅನ್ನಿಸಿತು. ನಾಚಿಕೊಂಡು ನಕ್ಕ. ಆ ನಗುವನ್ನು ಸಾಹೇಬರು ಕಳ್ಳ ಸಿಕ್ಕಿಬಿದ್ದ ಲಕ್ಷಣ ಅಂತ ತಿಳಿದರು.

"ನಗೋ ವಿಷಯ ಅಲ್ಲ. ನೂರಾ ಎಂಬತ್ತು ಕಣ್ಣು ನೋಡ್ದೆ, ನೂರಾ ಎಂಬತ್ತೂ ಒಂದೇ ಅಳತೆ. ಮನುಷ್ಯ ಅಂದ್ಮೇಲೆ ನೂರರಲ್ಲಿ ಒಂದಾದ್ರೂ ತಪ್ಪಬೇಡ್ವಾ? ಏಳನೇ ಕಲಮು ಓದಿ. ‘ಕೈಯಿಂದ ತಯಾರಾದ ವಸ್ತುವಿನಲ್ಲಿ ಕನಿಷ್ಠ ಮೂರು ಸಹಜ ಲೋಪಗಳು ಇರತಕ್ಕದ್ದು.’ ನಿಮ್ಮದ್ರಲ್ಲಿ ಸೊನ್ನೆ."

"ಸಾರ್, ಇಲ್ಲೇ ಕೂತ್ಕೊಳ್ಳಿ, ನಿಮ್ಮ ಕಣ್ಣೆದುರೇ ಹೆಣೆದು ತೋರಿಸ್ತೀನಿ!"

"ಮಾಡೋದನ್ನ ನೋಡೋಕೆ ನಿಯಮದಲ್ಲಿ ಅವಕಾಶ ಇಲ್ಲ. ನಾವು ಪರೀಕ್ಷೆ ಮಾಡೋದು ವಸ್ತುವನ್ನ, ಮನುಷ್ಯನನ್ನಲ್ಲ." ಸಾಹೇಬರು ಸ್ಟೂಲಿನ ಕಾಲಿಗೆ ನಂಬರಿನ ಚೀಟಿ ಹೊಡೆದರು. "ಇದೇ ಸ್ಟೂಲು, ಇದೇ ಚೀಟಿ, ಮೂರು ಲೋಪ. ಐದು ಗಂಟೆಯೊಳಗೆ ಕಚೇರಿಗೆ ತನ್ನಿ. ಇಲ್ಲಾಂದ್ರೆ ನಾಳೆ ಈ ಕೋಣೆಗೆ ಬೇರೆ ಬೀಗ ಬೀಳುತ್ತೆ." ಹೋಗುವಾಗ ಅವರು ಬೆತ್ತಣ್ಣನ ಹೆಗಲು ಮುಟ್ಟಿ ಹೇಳಿದರು: "ಬೇಜಾರು ಮಾಡ್ಕೋಬೇಡಿ. ಕೈಕಸುಬು ಉಳೀಬೇಕು ಅಂತ ನಿಮಗಿಂತ ಹೆಚ್ಚು ಹೊಟ್ಟೆ ಉರಿ ನನಗಿದೆ."

ಬೆತ್ತಣ್ಣ ಸ್ಟೂಲು ನೋಡಿದ, ತನ್ನ ಕೈ ನೋಡಿಕೊಂಡ, ಮತ್ತೆ ಸ್ಟೂಲು ನೋಡಿದ. ತಲೆಬುಡ ಅರ್ಥವಾಗಲಿಲ್ಲ. ಆದರೆ ನೆಲದ ಗುಳಿ ಕಣ್ಣಿಗೆ ಬಿದ್ದು, ಅದರೊಳಗೆ ಹಿಮ್ಮಡಿ ಒತ್ತಿ ನಿಂತ.

ಸುದ್ದಿ ಕೇಳಿ ಹೆಂಡತಿ ಮನೆಯಿಂದ ಓಡಿಬಂದಳು. ಹಿಂದೆಯೇ ಅವಳ ತಮ್ಮನೂ ಬಂದ. ಈ ಭಾವಮೈದ ಎರಡು ದಿನ ಇದ್ದು ಹೋಗುತ್ತೇನೆ ಅಂತ ಬಂದವನು, ಬಂದು ಎರಡು ವರ್ಷವಾಗಿತ್ತು. ಸಲಹೆ ಕೊಡುವುದು ಬಿಟ್ಟರೆ ಬೇರೆ ಕೆಲಸ ಅವನಿಗೆ ಒಗ್ಗುತ್ತಿರಲಿಲ್ಲ. ಬಂದ ಹೊಸತರಲ್ಲಿ ಬೆತ್ತಣ್ಣ ಅವನಿಗೂ ಹೆಣಿಗೆ ಕಲಿಸಲು ನೋಡಿದ್ದ. ಅವನು ಹೆಣೆದ ಮೊದಲ ಸೀಟನ್ನು ನೋಡಿ ಹೆಂಡತಿಯೇ "ಇದರೊಳಗೆ ಕಾಗೆ ಮೊಟ್ಟೆ ಇಡುತ್ತೆ" ಅಂದಿದ್ದಳು. ಅಲ್ಲಿಗೆ ಆ ವಿದ್ಯೆ ಮುಗಿದಿತ್ತು.

"ಅಯ್ಯೋ, ಇಷ್ಟೇ ತಾನೇ?" ಹೆಂಡತಿ ಅಂದಳು. "ಮೂರು ತಪ್ಪು ತಾನೇ ಕೇಳಿರೋದು? ಮನೇಲಿ ದಿನಕ್ಕೆ ಮೂವತ್ತು ಮಾಡ್ತೀರ. ಇಲ್ಲಿ ಮೂರು ಮಾಡೋಕೆ ಏನು ಧಾಡಿ?"

ಬೆತ್ತಣ್ಣ ಮಣೆಯ ಮೇಲೆ ಕೂತ. ಸ್ಟೂಲಿನಿಂದ ಒಂದು ಓರೆ ಎಳೆ ಬಿಚ್ಚಿದ. ತೊಟ್ಟಿಯಿಂದ ಹೊಸ ಎಳೆ ತೆಗೆದು ತೂರಿಸತೊಡಗಿದ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಇಲ್ಲಿ ಮೇಲೆ ಹೋಗಬೇಕಾದದ್ದನ್ನು ಕೆಳಗೆ ಕಳಿಸಬೇಕು ಅಂತ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡ. ಬೆರಳು ಆ ಜಾಗಕ್ಕೆ ಬಂತು, ನಿಂತಿತು, ಸುಮ್ಮನೆ ಮೇಲಿನಿಂದ ಹೋಗಿ ಮುಂದಿನ ಕಣ್ಣಿಗೆ ಇಳಿಯಿತು.

"ತಪ್ಪಿತಾ?" ಹೆಂಡತಿ ಬಗ್ಗಿದಳು.

"ಇಲ್ಲ ಕಣೇ."

"ಮತ್ತೆ ಮಾಡಿ."

ಮತ್ತೆ ಮಾಡಿದ. ಈ ಸಲ ಹಲ್ಲು ಕಚ್ಚಿ ಎಳೆಯನ್ನು ಕೆಳಕ್ಕೆ ತಳ್ಳಿಯೇಬಿಟ್ಟ. ಗೆದ್ದೆ ಅಂತ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಎಡಗೈ ತಾನಾಗಿ ಮುಂದೆ ಬಂದು ಎಳೆಯನ್ನು ಹೊರಗೆಳೆದು ಸರಿಯಾಗಿ ಹಾಕಿತು. ಜೊತೆಗೆ ಬೆರಳಿನ ಗೆಣ್ಣು ಚುರ್ರ್ ಅಂದಿತು. ಸತ್ತು ಹದಿನೆಂಟು ವರ್ಷವಾದರೂ ಅಪ್ಪ ಬೆಣೆ ಕೆಳಗಿಟ್ಟಿರಲಿಲ್ಲ.

"ಭಾವ, ಕಣ್ಣು ಮುಚ್ಕೊಂಡು ಹೆಣೀರಿ," ಭಾವಮೈದ ಸಲಹೆ ಕೊಟ್ಟ. ಕಣ್ಣಿಗೆ ಬಟ್ಟೆ ಕಟ್ಟಿದರು. ಕಣ್ಣಿನ ಗೋಜಿಲ್ಲದೆ ಕೈ ಇನ್ನೂ ಚುರುಕಾಗಿ ಓಡಿತು.

ಅಷ್ಟರಲ್ಲಿ ಮಣಿಯಕ್ಕ ಮೂಗು ತೂರಿಸಿದಳು. ಮುದ್ರೆ ಬಿದ್ದ ಗೊಂಬೆಯನ್ನು ಮಗುವಿನಂತೆ ಕಂಕುಳಲ್ಲಿ ಇಟ್ಟುಕೊಂಡಿದ್ದಳು. "ಬೆತ್ತಣ್ಣ, ನಾನು ಹೇಳ್ತೀನಿ ಕೇಳು. ಎಡಗೈಯಲ್ಲಿ ಹೆಣಿ."

ಎಡಗೈಯಲ್ಲಿ ಹೆಣೆದ. ಮೊದಲ ಎರಡು ಕಣ್ಣಿಗೆ ಕೈ ಸ್ವಲ್ಪ ತಡವರಿಸಿತು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಮೂರನೆಯ ಕಣ್ಣಿಗೆ ಎಡಗೈಯೂ ವಿದ್ಯೆ ಕಲಿತುಬಿಟ್ಟಿತು.

"ಥೂ, ನಿನ್ನ ಕೈಗೆ ಬೆಂಕಿ ಹಾಕ!" ಮಣಿಯಕ್ಕ ರೇಗಿದಳು.

ಆಮೇಲೆ ಗದ್ದಲ ಎಬ್ಬಿಸಿದರೆ ಲೆಕ್ಕ ತಪ್ಪುತ್ತದೆ ಅಂತ ತೀರ್ಮಾನವಾಯಿತು. ಮೂವರೂ ಸುತ್ತ ನಿಂತು ಬಾಯಿಗೆ ಬಂದ ಅಂಕಿ ಕೂಗಿದರು. ಹೆಂಡತಿ ಹದಿನೇಳು ಅಂದರೆ ಭಾವಮೈದ ಮೂವತ್ತೊಂದು ಅಂದ, ಮಣಿಯಕ್ಕ ಉತ್ಸಾಹದಲ್ಲಿ ತನ್ನ ಮನೆಯ ಫೋನ್ ನಂಬರನ್ನೇ ಕೂಗಿದಳು. ಮೂವರ ಗಂಟಲು ಕಟ್ಟಿತು. ಎಳೆ ಮಾತ್ರ ಗೆರೆ ಎಳೆದ ಹಾಗೆ ಹೋಗಿ ಆಚೆ ತೂತಿನಲ್ಲಿ ಇಳಿಯಿತು.

ಗಂಟೆ ಮೂರಾಯಿತು. ಬೆತ್ತಣ್ಣನಿಗೆ ಅಳು ಬರುವುದೊಂದು ಬಾಕಿ. ಮುಖ ತೊಳೆದುಕೊಂಡು ಬರುತ್ತೇನೆ ಅಂತ ಹಿಂದಿನ ನಲ್ಲಿಯ ಕಡೆ ಹೋದ. ತಣ್ಣೀರು ಎರಚಿಕೊಳ್ಳುತ್ತಾ ಯೋಚಿಸಿದ: ಮೂವತ್ತೇಳು ವರ್ಷ ಯಾವುದು ಬರಬಾರದು ಅಂತ ಕಾಯ್ದೆನೋ ಅದೇ ಇವತ್ತು ಬೇಕು ಅಂದರೆ ಎಲ್ಲಿಂದ ತರಲಿ? ಯಾರ ಮನೆಯ ಬಾಗಿಲು ತಟ್ಟಿ ಸಾಲ ಕೇಳಲಿ?

ಅವನು ವಾಪಸ್ಸು ಬಂದಾಗ ಕೋಣೆಯಲ್ಲಿ ಹಬ್ಬದ ಕಳೆ ಇತ್ತು. ಭಾವಮೈದ ಸ್ಟೂಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದ.

"ಭಾವ, ಆಗೋಯ್ತು! ಮೂರು ಎಳೆ ಬಿಚ್ದೆ, ಮೂರು ಎಳೆ ಹಾಕ್ದೆ. ಮೂರಕ್ಕೆ ಮೂರೂ ತಪ್ಪು!"

ಬೆತ್ತಣ್ಣ ನೋಡಿದ. ಒಂದು ಎಳೆ ನಡುವೆ ದಾರಿ ತಪ್ಪಿ ಪಕ್ಕದ ಸಾಲಿಗೆ ನುಗ್ಗಿತ್ತು. ಇನ್ನೊಂದು ಸುಕ್ಕುಗಟ್ಟಿತ್ತು. ಮೂರನೆಯದು ಮೇಲೆ ಹೋಗಬೇಕಾದ ಕಡೆಯಲ್ಲೆಲ್ಲ ಕೆಳಗೆ, ಕೆಳಗೆ ಹೋಗಬೇಕಾದ ಕಡೆಯಲ್ಲೆಲ್ಲ ಇನ್ನೂ ಕೆಳಗೆ. ಕಟ್ಟಬೇಕಾದ ತುದಿಗಳನ್ನೂ ಕಟ್ಟದೆ ಸುಮ್ಮನೆ ಸಿಕ್ಕಿಸಿದ್ದ. ಬೆತ್ತಣ್ಣನ ಎರಡೂ ಕೈ ಒಟ್ಟಿಗೆ ಮುಂದೆ ಹೋದವು.

"ಹಿಡ್ಕೊಳ್ಳೋ ಅವರ ಕೈನ!" ಹೆಂಡತಿ ಕಿರುಚಿದಳು. "ಅದನ್ನ ಮುಟ್ಟಿದ್ರೆ ನೋಡಿ! ಕೋಣೆ ಬೇಕೋ ಬೇಡ್ವೋ?"

"ಬೇಕು," ಬೆತ್ತಣ್ಣ ಅಂದ. "ಆದ್ರೆ ಕಣ್ಣಲ್ಲಿ ನೋಡೋಕಾಗ್ತಿಲ್ಲ ಕಣೇ."

"ನೋಡ್ಬೇಡಿ. ಆಕಾಶ ನೋಡ್ಕೊಂಡು ಹೋಗಿ."

ಹೀಗೆ ಬೆತ್ತಣ್ಣ ಆಕಾಶ ನೋಡುತ್ತಾ, ಭಾವಮೈದ ಸ್ಟೂಲು ಹೊರುತ್ತಾ ಬಸ್ಸು ಹತ್ತಿದರು. ಸೀಟು ಸಿಕ್ಕಿದ್ದು ಒಂದೇ. ಹಿರಿಯರು ಅಂತ ಭಾವನನ್ನು ಕೂರಿಸಿ, ಸ್ಟೂಲನ್ನು ಅವನ ತೊಡೆಯ ಮೇಲಿಟ್ಟು, ಭಾವಮೈದ ಕಂಬಿ ಹಿಡಿದು ನಿಂತ. ಅಲ್ಲೇ ಎಡವಟ್ಟಾಯಿತು. ಬೆತ್ತಣ್ಣ ಕೊಟ್ಟ ಮಾತಿನಂತೆ ಕಿಟಕಿಯಾಚೆ ಆಕಾಶವನ್ನೇ ನೋಡುತ್ತಿದ್ದ, ಅದರಲ್ಲಿ ಅವನ ತಪ್ಪೇನಿಲ್ಲ. ನಾಲ್ಕು ಸ್ಟಾಪು ಕಳೆದ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಮೆಚ್ಚಿಕೊಂಡಳು: "ಎಷ್ಟು ಚೆನ್ನಾಗಿ ಮಾಡ್ತೀರಣ್ಣ! ಮಾತಾಡೋದ್ರೊಳಗೆ ಸರಿ ಮಾಡ್ಬಿಟ್ರಲ್ಲ!"

ಭಾವಮೈದ ಬಗ್ಗಿ ನೋಡಿ ಬಾಯಿ ಬಡಿದುಕೊಂಡ. ಮೂರರಲ್ಲಿ ಎರಡು ತಪ್ಪು ಮಾಯವಾಗಿದ್ದವು. "ಭಾವ! ಏನು ಮಾಡ್ಬಿಟ್ರಿ?"

"ನಾನೇನೂ ಮಾಡ್ಲಿಲ್ವಲ್ಲೋ," ಬೆತ್ತಣ್ಣ ತನ್ನ ಕೈಗಳನ್ನು ಯಾರದೋ ಕೈ ಎಂಬಂತೆ ನೋಡಿಕೊಂಡ.

ಇನ್ನು ನಂಬುವ ಹಾಗಿರಲಿಲ್ಲ. ಭಾವಮೈದ ಹೆಗಲ ಮೇಲಿದ್ದ ಟವೆಲ್ ತೆಗೆದು ಭಾವನ ಎರಡೂ ಕೈ ಜೋಡಿಸಿ ಸುತ್ತಿ ಸುತ್ತಿ ಗಂಟು ಹಾಕಿದ. ಬಸ್ಸಿನ ಗಮನವೆಲ್ಲ ಇತ್ತ ತಿರುಗಿತು.

"ಪಾಪ, ಕೈ ಸುಟ್ಕೊಂಡಿದಾರಾ?" ಪಕ್ಕದ ಹೆಂಗಸು ಕೇಳಿದಳು.

"ಸುಟ್ಟಿಲ್ಲಮ್ಮ, ಹಿಡ್ಕೊಂಡು ಹೋಗ್ತಿದಾರೆ," ಹಿಂದಿನ ಸೀಟಿನವನು ದನಿ ತಗ್ಗಿಸಿ ಎಲ್ಲರಿಗೂ ಕೇಳುವಂತೆ ಹೇಳಿದ. "ಸ್ಟೂಲು ಕದ್ದಿರ್ಬೇಕು."

"ಕದ್ದಿಲ್ಲ ಸ್ವಾಮಿ, ನಾನೇ ಮಾಡಿದ್ದು!" ಬೆತ್ತಣ್ಣ ಹೇಳಿದ.

"ಸಿಕ್ಕಿಬಿದ್ದೋರೆಲ್ಲ ಹಂಗೇ ಹೇಳೋದು," ಅಂದು ಹಿಂದಿನ ಸೀಟಿನವನು ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡ.

ಕಚೇರಿ ತಲುಪಿದಾಗ ನಾಲ್ಕೂ ಮುಕ್ಕಾಲು. ಸಾಹೇಬರ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗಿನ ಬೆಂಚಿನ ಮೇಲೆ ಭಾವನನ್ನು ಕೂರಿಸಿ, ಭಾವಮೈದ ನೆಲದಲ್ಲಿ ಚಕ್ಕಂಬಕ್ಕಳ ಹಾಕಿ, ಸ್ಟೂಲನ್ನು ತೊಡೆಯ ನಡುವೆ ಇಟ್ಟುಕೊಂಡು ಮಾಯವಾದ ಎರಡು ತಪ್ಪುಗಳನ್ನು ಮತ್ತೆ ಹಾಕಲು ಶುರುಮಾಡಿದ. ನಾಲಿಗೆ ತುದಿ ಹೊರಗೆ ಬಂದಿತ್ತು. ಎಳೆಯನ್ನು ಎಲ್ಲಿಗೋ ಚುಚ್ಚಿದ, ಅದು ಇನ್ನೆಲ್ಲೋ ಹೊರಬಂತು.

"ಅಲ್ಲಿ ಅಲ್ವೋ, ಅದರ ಪಕ್ಕದ್ದು!" ಬೆತ್ತಣ್ಣ ತಡೆಯಲಾರದೆ ಟವೆಲ್ಲಿನೊಳಗೇ ಕೈ ಕೈ ಹಿಸುಕಿಕೊಂಡ.

"ಸುಮ್ನಿರಿ ಭಾವ, ಸರಿಯಾಗ್ಬಿಡುತ್ತೆ!"

ಆಗ ಬಾಗಿಲು ತೆರೆಯಿತು. ಭೂತಗನ್ನಡಿ ಸಾಹೇಬರು ಹೊಸಿಲ ಮೇಲೆ ನಿಂತುಬಿಟ್ಟರು. ನೆಲದಲ್ಲಿ ಕೂತು ಮೈಮರೆತು ಹೆಣೆಯುತ್ತಿರುವ ಯುವಕ, ಅವನ ಹಣೆಯ ಬೆವರು, ಅವನ ಕೈಯಡಿಯಲ್ಲಿ ಹುಟ್ಟುತ್ತಿರುವ ಸೊಟ್ಟ ಪಟ್ಟ ಎಳೆ. ಪಕ್ಕದಲ್ಲಿ ಕೈ ಕಟ್ಟಿಸಿಕೊಂಡು ಕೂತ ಮನುಷ್ಯ. ಸಾಹೇಬರ ಕಣ್ಣು ತುಂಬಿಬಂತು.

"ಓಹೋ! ಅಸಲಿ ಕೈ ಇದು! ಬೆಳಿಗ್ಗೆ ನಿಮಗೆ ಸಂಕೋಚವಾಗಿ ಬಚ್ಚಿಟ್ಕೊಂಡಿದ್ರಾ?"

"ಅಯ್ಯೋ, ನಾನಲ್ಲ ಸಾರ್," ಭಾವಮೈದ ಗಾಬರಿಯಿಂದ ಎದ್ದ. ಅವನು ಸುಳ್ಳುಗಾರನಲ್ಲ, ಆ ಕ್ಷಣಕ್ಕೆ ಸತ್ಯವನ್ನೇ ಹೇಳಿದ. "ಹೆಣೆಯೋರು ನಮ್ಮ ಭಾವ. ನನಗೆ ಏನೇನೂ ಬರಲ್ಲ."

"ದೊಡ್ಡ ಕಲಾವಿದರೆಲ್ಲ ಹೀಗೇ ಹೇಳೋದು. ಎಲ್ಲಿ, ಇನ್ನೊಂದು ಎಳೆ ಹಾಕಿ."

"ಮಾಡೋದನ್ನ ನೋಡೋಕೆ ನಿಯಮದಲ್ಲಿ ಇಲ್ಲ ಅಂದ್ರಲ್ಲ ಸಾರ್!" ಬೆತ್ತಣ್ಣ ಬೆಂಚಿನಿಂದ ಕೂಗಿದ.

"ನೋಡೋಕೆ ಹೋಗೋ ಹಾಗಿಲ್ಲ. ತಾನಾಗಿ ಕಣ್ಣಿಗೆ ಬಿದ್ರೆ ಬೇರೆ."

ಭಾವಮೈದ ಹೆದರಿ ಹೆದರಿ ಒಂದು ಎಳೆ ಬಿಚ್ಚಿ ಮತ್ತೆ ಹಾಕಿದ. ಒಂದೇ ಎಳೆಯಲ್ಲಿ ಎರಡು ತಪ್ಪು ಬಂತು. ಸಾಹೇಬರು ಭೂತಗನ್ನಡಿ ಎದೆಗೊತ್ತಿಕೊಂಡರು. ಆಮೇಲೆ ನ್ಯಾಯ ಅಂದರೆ ನ್ಯಾಯ ಅಂತ ಬೆತ್ತಣ್ಣನ ಟವೆಲ್ ಬಿಚ್ಚಿಸಿ ಅವನಿಗೂ ಒಂದು ಎಳೆ ಬಿಚ್ಚಿ ಕೊಟ್ಟರು. ಬೆತ್ತಣ್ಣ ದೇವರೇ, ಒಂದೇ ಒಂದು ಸಲ ಅಂತ ಬೇಡಿಕೊಂಡು ಕೈ ಹಚ್ಚಿದ. ಎಳೆ ಬಾಣದ ಹಾಗೆ ಹೋಗಿ ತನ್ನ ತೂತು ಸೇರಿತು. ಹೋಗುವ ದಾರಿಯಲ್ಲಿ ಭಾವಮೈದನ ಒಂದು ತಪ್ಪನ್ನೂ ಸರಿಮಾಡಿತು.

"ನೋಡಿದ್ರಾ?" ಸಾಹೇಬರು ಮರುಕದಿಂದ ತಲೆ ಅಲ್ಲಾಡಿಸಿದರು. "ನಿಮ್ಮ ಕೈಯಲ್ಲಿ ಜೀವ ಇಲ್ಲ."

"ಸಾರ್, ನನಗೆ ತಪ್ಪು ಮಾಡೋಕೇ ಬರಲ್ಲ ಸಾರ್, ಅದಕ್ಕೆ..."

"ಬರಲ್ಲ ಅಂತ ನೀವೇ ಒಪ್ಕೊಂಡ್ರಿ. ಬರ್ಕೊಳ್ಳಿ," ಅಂತ ಸಾಹೇಬರು ಗುಮಾಸ್ತರ ಕಡೆ ತಿರುಗಿದರು. ಐದು ಗಂಟೆಗೆ ಇನ್ನೂ ಎರಡು ನಿಮಿಷ ಇರುವಾಗ ಸ್ಟೂಲಿನ ಮೇಲೆ ಟಪ್ ಅಂತ ಅಂಗೈ ಮುದ್ರೆ ಬಿತ್ತು. ಕುಶಲಕರ್ಮಿ: ಭಾವಮೈದ. ಕೋಣೆ ನಂಬರ್ ಮೂರು: ಸದರಿಯವರ ಹೆಸರಿಗೆ.

"ಮತ್ತೆ ನಾನು?" ಬೆತ್ತಣ್ಣ ಬಿಚ್ಚಿದ ಟವೆಲ್ ಹಿಡಿದುಕೊಂಡೇ ಕೇಳಿದ.

"ನಿಮ್ಮನ್ನ ಬೀದಿಗೆ ಬಿಡೋಷ್ಟು ಕಲ್ಲು ಮನಸ್ಸು ನನ್ನದಲ್ಲ," ಸಾಹೇಬರು ಇನ್ನೊಂದು ಕಾಗದಕ್ಕೆ ಸಹಿ ಹಾಕಿದರು. "ಇವರ ಕೈಕೆಳಗೆ ಆರು ತಿಂಗಳ ತರಬೇತಿ ಬರೆದಿದೀನಿ. ಕೊನೇಲಿ ಪರೀಕ್ಷೆ, ಅದೇ ಮೂರು ಲೋಪ. ಪಾಸಾದ್ರೆ ನಿಮಗೂ ಮುದ್ರೆ. ಶ್ರದ್ಧೆಯಿಂದ ಕಲೀರಿ, ವಯಸ್ಸಾಯ್ತು ಅಂತ ಎದೆಗುಂದಬೇಡಿ."

ವಾಪಸ್ಸು ಬರುವಾಗ ಮೊದಲ ಎರಡು ಸ್ಟಾಪಿನ ತನಕ ಭಾವಮೈದ ತಲೆ ಎತ್ತಲಿಲ್ಲ. "ಭಾವ, ನಿಮ್ಮಾಣೆ, ನಾನು ಇದನ್ನೆಲ್ಲ ಕೇಳಿರ್ಲಿಲ್ಲ" ಅಂತ ನಾಲ್ಕು ಸಲ ಹೇಳಿದ. ಮೂರನೇ ಸ್ಟಾಪಿನಲ್ಲಿ ಸಾಹೇಬರು ಕೊಟ್ಟ ಹೊಸ ಕುಶಲಕರ್ಮಿ ಕಾರ್ಡನ್ನು ಜೇಬಿನಿಂದ ತೆಗೆದು ನೋಡಿಕೊಂಡ. ನಾಲ್ಕನೆಯದರಲ್ಲಿ "ಆದ್ರೂ ಅವರು ಹೇಳೋದ್ರಲ್ಲೂ ಏನೋ ಅರ್ಥ ಇರ್ಬಹುದು ಭಾವ, ಅಷ್ಟು ಓದಿದೋರು" ಅಂದ. ಇಳಿಯುವಾಗ ಸ್ಟೂಲನ್ನು ಭಾವನ ಕೈಗೆ ಕೊಟ್ಟು ತಾನು ಖಾಲಿ ಕೈಯಲ್ಲಿ ಮುಂದೆ ನಡೆದ.

ಕೋಣೆ ಉಳಿಯಿತು ಅಂತ ಕೇಳಿ ಹೆಂಡತಿ ಹಿಗ್ಗಿದಳು. ಯಾರ ಹೆಸರಿಗೆ ಉಳಿಯಿತು ಅಂತ ಕೇಳಿದ ಮೇಲೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ಒಮ್ಮೆ ಗಂಡನನ್ನು, ಒಮ್ಮೆ ತಮ್ಮನನ್ನು ನೋಡಿದಳು. "ಮನೇಲೇ ಉಳೀತಲ್ಲ, ಬಿಡಿ," ಅಂದಳು ಕೊನೆಗೆ. ಮಣಿಯಕ್ಕ ಬಂದು ಭಾವಮೈದನನ್ನು ಮೊದಲ ಬಾರಿಗೆ ಬಹುವಚನದಲ್ಲಿ ಮಾತಾಡಿಸಿ ಹೋದಳು.

ಬೆತ್ತಣ್ಣನಿಗೆ ಏನೂ ಬೇಡವಾಗಿತ್ತು. ಆದರೆ ಏಳಕ್ಕೆ ಮೇಷ್ಟ್ರು ಬರುತ್ತಾರೆ, ಕುರ್ಚಿಗೆ ಎರಡು ಎಳೆ ಬಾಕಿ ಇದೆ. ಮಣೆಯ ಕಡೆ ಹೋದ. ಮಣೆಯ ಮೇಲೆ ಭಾವಮೈದ ಕೂತಿದ್ದ, ಅವನ ಹಿಮ್ಮಡಿ ಅಪ್ಪನ ಗುಳಿಯಲ್ಲಿತ್ತು.

"ನೀವು ಆ ಕಡೆ ಕೂತ್ಕೊಳ್ಳಿ ಭಾವ. ನಾನು ಇಲ್ಲಿಂದ ನೋಡ್ತಿರ್ತೀನಿ. ಕಾಗದದಲ್ಲಿ ಹಂಗೇ ಬರೆದಿದಾರೆ."

ಬೆತ್ತಣ್ಣ ಬಾಗಿಲ ಬಳಿ ಸಪಾಟು ನೆಲದ ಮೇಲೆ ಕೂತು ಕುರ್ಚಿ ಎಳೆದುಕೊಂಡ. ಹಿಮ್ಮಡಿಗೆ ಜಾಗ ಸಿಗಲಿಲ್ಲ. ನನ್ನ ಕೈಯಲ್ಲಿ ಜೀವ ಇಲ್ಲವಂತೆ, ಹಾಗಾದರೆ ಇಷ್ಟು ವರ್ಷ ಹೆಣೆದವರು ಯಾರು ಅಂತ ಯೋಚಿಸಿದ. ಸರಿ ಅಂದರೆ ತಪ್ಪು, ತಪ್ಪು ಅಂದರೆ ಸರಿ; ಹಾಗಿದ್ದ ಮೇಲೆ ಅಪ್ಪ ಹೊಡೆದದ್ದು ಯಾಕೆ? ತಲೆ ಗಿರ್ರ್ ಅಂತಿತ್ತು, ಕೈ ತನ್ನ ಪಾಡಿಗೆ ಓಡುತ್ತಿತ್ತು. ತುದಿ ಕಟ್ಟಿ ಮುಗಿಸುವುದಕ್ಕೂ ಮೇಷ್ಟ್ರ ಕೋಲು ಮೆಟ್ಟಿಲ ಮೇಲೆ ಟಕ್ ಅನ್ನುವುದಕ್ಕೂ ಸರಿಹೋಯಿತು.

ಮೇಷ್ಟ್ರು ಕನ್ನಡಕ ಏರಿಸಿ ಎಣಿಸತೊಡಗಿದರು. ಮೂಲೆಯಿಂದ ಹೊರಟರು, ನಡುವಿಗೆ ಬಂದರು, ನಿಂತರು. ಹಿಂದಕ್ಕೆ ಹೋಗಿ ಮತ್ತೆ ಎಣಿಸಿದರು. ಬೆರಳಿಟ್ಟು ಒತ್ತಿ ನೋಡಿದರು.

"ಇಲ್ಲೊಂದು ಎಳೆ ತಪ್ಪಿದೆ."

"ತಪ್ಪಾ?" ಬೆತ್ತಣ್ಣ ಮೊಣಕಾಲ ಮೇಲೆ ತೆವಳಿ ಬಂದ. ಹೌದು. ಕೆಳಗೆ ಹೋಗಬೇಕಾದ ಎಳೆ ಮೇಲೆ ಹೋಗಿತ್ತು. ಅವನದೇ ಕೈ, ಅವನದೇ ತಪ್ಪು, ಯಾರ ಸಹಾಯವೂ ಇಲ್ಲದೆ ಬಂದದ್ದು. ಬೆಳಿಗ್ಗೆಯಿಂದ ಹುಡುಕಿದ್ದು ಇಲ್ಲಿ ಬಂದು ಕೂತಿತ್ತು. ಅವನಿಗೆ ನಗು ಬಂತೋ ಅಳು ಬಂತೋ ಅವನಿಗೇ ಗೊತ್ತಾಗಲಿಲ್ಲ. "ಅಯ್ಯೋ, ಹೌದು ಮೇಷ್ಟ್ರೇ! ನಾನೇ ತಪ್ಪಿದೀನಿ! ನೋಡಿ, ನಾನೇ!"

ಮೇಷ್ಟ್ರು ಅವನ ಮುಖ ನೋಡಿದರು. ಆಮೇಲೆ ಮೀಸೆ ಸವರಿಕೊಂಡರು.

"ಸುಳ್ಳು ಹೇಳ್ಬೇಡ. ನಿನ್ನ ಕೈ ತಪ್ಪಲ್ಲ, ಅದು ನನಗೆ ಗೊತ್ತು. ಕೊನೆಗೆ ನೀನೂ ಯಂತ್ರದಲ್ಲಿ ಮಾಡಿಸೋಕೆ ಶುರು ಮಾಡ್ದೆ ಅನ್ನು. ನಿಮ್ಮಪ್ಪನ ಕೋಣೇಲಿ ಕೂತು!"

"ಇಲ್ಲ ಮೇಷ್ಟ್ರೇ, ಆಣೆಗೂ ಕೈಯಲ್ಲೇ..."

"ಬೇಡ, ಇನ್ನು ಮಾತು ಬೇಡ." ಮೇಷ್ಟ್ರು ಕುರ್ಚಿಯನ್ನು ಅಲ್ಲೇ ಬಿಟ್ಟು ಕೋಲೂರಿಕೊಂಡು ಮೆಟ್ಟಿಲಿಳಿದರು.

ಭಾವಮೈದ ಮಣೆಯಿಂದ ಎದ್ದು ಬಂದ. ಕುರ್ಚಿಯ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಆ ಎಳೆಯನ್ನು ಬಹಳ ಗಂಭೀರವಾಗಿ ಪರೀಕ್ಷಿಸಿದ.

"ಶಭಾಷ್ ಭಾವ, ಒಂದು ಬಂತು," ಅಂದು ಬೆನ್ನು ತಟ್ಟಿದ. "ಇನ್ನೆರಡು ಬಂದ್ರೆ ಪಾಸು."